ಚಾಲು ಅಂದರೆ ಬಡಿಸಿರಿ ಅಂತ

ನನ್ನ ಮೊಮ್ಮಗಳು ನನ್ನ ಮನೆಗೆ ಬಂದಳು! ನೋಡಿ ಹೋಗಲಿಕ್ಕಲ್ಲ, ಇರಲಿಕ್ಕೆ ಬಂದಳು. ಹೈದರಾಬಾದಿನ ನಮ್ಮ ತಾರ್ನಾಕದ ಬದಿಯಲ್ಲೇ ಇರುವ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಸೀಟು ಸಿಕ್ಕಿತು. ಹಾಸ್ಟೆಲ್ ಬೇಡ, ಆಯಿಯ ಮನೆಯಲ್ಲೇ ಇರುತ್ತೇನೆ ಅಂತ ಅವಳೇ ಹೇಳಿದಳು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ಮೊನ್ನೆ ಬೆಳಿಗ್ಗೆ ಫೋನಿನಲ್ಲಿ ಈ ಮಾತು ಕೇಳಿದಾಗ ನನ್ನ ಕೈಯಲ್ಲಿ ಹಾಲಿನ ಪಾತ್ರೆ ಇತ್ತು. ಒಲೆಯ ಮೇಲಿಡುವುದನ್ನು ಬಿಟ್ಟು ದೇವರ ಮುಂದೆ ಇಟ್ಟು ಬಂದೆ, ಆಮೇಲೆ ಹಾಲು ಎಲ್ಲಿ ಹೋಯಿತು ಅಂತ ಅಡುಗೆಮನೆಯೆಲ್ಲ ಹುಡುಕಿದೆ.

ಅಷ್ಟು ದೊಡ್ಡ ಸುದ್ದಿ, ಹೇಳೋಣ ಅಂದರೆ ಮನೆಯಲ್ಲಿ ಒಬ್ಬರಿಲ್ಲ. ಎದುರು ಮನೆಗೆ ಬೀಗ. ಮೆಟ್ಟಿಲಿಳಿದು ಹೋಗಿ ಇಸ್ತ್ರಿಯವನಿಗೆ ಹೇಳಿದೆ. ಅವನು ‘ಮಂಚಿದಮ್ಮಾ’, ಒಳ್ಳೆಯದಾಯಿತಮ್ಮಾ, ಅಂದು ಮತ್ತೆ ಅಂಗಿಯ ತೋಳು ಎಳೆದುಕೊಂಡ. ನನಗೆ ಇನ್ನೂ ಹೇಳುವುದಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತೆ, ಆಮೇಲೆ ಮೇಲೆ ಬಂದೆ.

ನಾನು ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಬಿಜಾಪುರದ ಕಡೆಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದೆ. ಯಜಮಾನರಿಗೆ ಇಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸ. ಹೊರಗೆ ತೆಲುಗು, ಹಿಂದಿ, ಬಾಗಿಲು ದಾಟಿ ಒಳಗೆ ಬಂದರೆ ನಮ್ಮೂರ ಮಾತು. ಅವರು ಹೋದ ಮೇಲೆ ಒಳಗಿನ ಮಾತೂ ನಿಂತಿತು. ಎಲ್ಲಕ್ಕಿಂತ ಕಷ್ಟವಾದದ್ದು ಊಟ. ಒಬ್ಬಳಿಗಾಗಿ ರೊಟ್ಟಿ ಬಡಿಯಲು ಕೈ ಏಳುವುದಿಲ್ಲ, ಹಂಚು ಕಾಯುವ ಹೊತ್ತಿಗೆ ಹಸಿವೇ ಹೋಗಿರುತ್ತದೆ. ನಮ್ಮ ಕಡೆ ಊಟಕ್ಕೆ ಕೂತವರು ತಾವಾಗಿ ಹಾಕಿಕೊಳ್ಳುವುದಿಲ್ಲ. ಅವರು ಸಾಕು ಅನ್ನಬೇಕು, ಬಡಿಸುವವರು ಕೇಳದೆ ಇನ್ನೊಂದು ಹಾಕಬೇಕು. ಯಜಮಾನರು ತಾವು ತಿನ್ನುತ್ತಲೇ ನನ್ನ ತಾಟಿನ ಮೇಲೆ ಕಣ್ಣಿಟ್ಟಿರುತ್ತಿದ್ದರು. “ಇನ್ನೊಂದು ಅರ್ಧಾ ತಗೋ, ಯಾರಿಗೆ ಇಡಾಕತ್ತೀ?” ಅನ್ನುತ್ತಿದ್ದರು. ಈಗ ಒಬ್ಬಳೇ ಕೂತು ಸಾಕು ಅಂತ ಯಾರಿಗೆ ಅನ್ನಲಿ? ಅರ್ಧ ರೊಟ್ಟಿಗೇ ಎದ್ದುಬಿಡುತ್ತಿದ್ದೆ.

ಮಗ ಕರೆಯಲಿಲ್ಲ ಅಂತಲ್ಲ. ಇದೇ ಊರಿನ ಆ ತುದಿಗಿರುವ ಮಣಿಕೊಂಡದ ಅವನ ಮನೆಯಲ್ಲಿ ಒಂದು ತಿಂಗಳು ಇದ್ದು ಬಂದೆ. ಒಳ್ಳೆಯ ಮನೆ, ಸೊಸೆಯೂ ಒಳ್ಳೆಯವಳು. ಆದರೆ ಅಲ್ಲಿ ಒಬ್ಬೊಬ್ಬರದು ಒಂದೊಂದು ಹೊತ್ತಿನ ಊಟ. ಮಗ ಆಫೀಸಿನಿಂದ ಬಂದಾಗ, ಸೊಸೆ ಹೊಟ್ಟೆ ಹಸಿದಾಗ, ಹುಡುಗಿ ಪುಸ್ತಕದ ಮುಂದೆ. ಎಲ್ಲರೂ ಇರುವ ಮನೆಯಲ್ಲಿ ಒಬ್ಬಳೇ ಉಣ್ಣುವುದು ಇನ್ನೂ ಕಷ್ಟ. ನನ್ನ ಮನೆಯೇ ಸರಿ ಅಂತ ತಿರುಗಿ ಬಂದೆ.

ಹೋದ ಚಳಿಗಾಲದಲ್ಲಿ ಮಗನಿಗೆ ಏನನ್ನಿಸಿತೋ, ಎಲ್ಲರನ್ನೂ ಗೋದಾವರಿಯ ಮೇಲೆ ಎರಡು ದಿನದ ಬೋಟಿಗೆ ಕರೆದುಕೊಂಡು ಹೋದ. ಸಿಕಂದರಾಬಾದಿನಿಂದ ರೈಲು, ರಾಜಮಂಡ್ರಿಯಿಂದ ನದಿ. ಬೋಟು ಅಂದರೆ ಹರಿಗೋಲಿನಂಥದ್ದು ಅಂದುಕೊಂಡಿದ್ದೆ. ಅದು ಎರಡು ಅಂತಸ್ತಿನ ಮನೆ! ಕೆಳಗೆ ಅಡುಗೆ, ಮೇಲೆ ಜನ. ಒಗ್ಗರಣೆ ಹಾಕಿದರೆ ಘಾಟು ಮೇಲಿನವರೆಗೆ ಬರುತ್ತಿತ್ತು, ಒಬ್ಬರು ಸೀನಿದರೆ ಸಾಲಿಗೆ ಸಾಲೇ ಸೀನುತ್ತಿತ್ತು. ಬೆಳಿಗ್ಗೆ ಇಡ್ಲಿ, ಉಪ್ಪಿಟ್ಟು. ಇಡ್ಲಿ ನಮ್ಮ ಮನೆಯದಕ್ಕಿಂತ ಮೆತ್ತಗೆ ಇತ್ತು, ಸುಳ್ಳು ಯಾಕೆ ಹೇಳಲಿ. ನದಿಯ ಗಾಳಿಗೆ ಹಸಿವು ಹೇಗೆ ಬರುತ್ತದೆ ಅಂದರೆ, ನಾನು ಸೊಸೆಯ ತಾಟಿನ ಇಡ್ಲಿಯನ್ನೂ ನೋಡತೊಡಗಿದ್ದೆ.

ಬೆಟ್ಟಗಳು ಎರಡೂ ಕಡೆಯಿಂದ ಹತ್ತಿರ ಬಂದಂತೆ ಮಗನ ಫೋನು ಸತ್ತುಹೋಯಿತು. ಅವನು ಅದನ್ನು ಆಕಾಶಕ್ಕೆ ಹಿಡಿದು ಅತ್ತ ಇತ್ತ ತಿರುಗಿಸಿದ.

“ಸಿಗ್ನಲ್ಲೇ ಇಲ್ಲಲ್ಲಬೇ ಯವ್ವಾ!”

“ಛಲೋ ಆತು ತಗೋ,” ಅಂದೆ. “ನಿಮ್ಮಪ್ಪಗ ಸಿಗ್ನಲ್ ಇರಲಿಲ್ಲ, ಉಣ್ಣಲಿಲ್ಲೇನು ಅವ್ರು?”

ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮಧ್ಯಾಹ್ನ ಗಂಟೆ ಬಾರಿಸಿದರು. ಅಲ್ಲಿ ಎಲ್ಲರಿಗೂ ಒಂದೇ ಹೊತ್ತು, ಎದ್ದು ಹೋಗೋಣ ಅಂದರೆ ಸುತ್ತಲೂ ನೀರು. ಶಾಕಾಹಾರಿಗಳ ಸಾಲಿನಲ್ಲಿ ನಾವು ನಾಲ್ಕೂ ಜನ ಮೈಗೆ ಮೈ ತಾಗಿಸಿ ಕೂತೆವು. ಪುಳಿಹೋರ ಅನ್ನುವ ಹುಳಿಯನ್ನ, ಗೋಂಗೂರ ಅಂದರೆ ನಮ್ಮ ಪುಂಡಿಪಲ್ಲೆಯ ಪಚ್ಚಡಿ, ಎಣ್ಣೆಯಲ್ಲಿ ಬೆಂದ ಬದನೆಕಾಯಿ. ದಪ್ಪ ಮೀಸೆಯ ಒಬ್ಬರು ಬಿಸಿ ಅನ್ನದ ಮೇಲೆ ಮುದ್ದಪಪ್ಪು ಬಡಿಸುತ್ತ ಬಂದರು. ನಮ್ಮ ಗಟ್ಟಿ ಬೇಳೆಯೇ ಅದು, ಅದರ ಮೇಲೆ ತುಪ್ಪ, ಬದಿಗೆ ಮಾವಿನ ಉಪ್ಪಿನಕಾಯಿ. ನನ್ನ ಹತ್ತಿರ ಬಂದು “ವೆಯ್ಯನಾ ಅಮ್ಮಾ?” ಅಂತ ಕೇಳಿದರು. ಹಾಕಲೇ ಅಂತ.

ನಾನು ಹೈದರಾಬಾದಿಗೆ ಬಂದು ತಲೆ ಬೆಳ್ಳಗಾಗಿದೆ, ತೆಲುಗು ಬರುವುದಿಲ್ಲವೇ? ಬರುತ್ತದೆ. ಆದರೆ ಮಗ, ಸೊಸೆ, ಮೊಮ್ಮಗಳು ಎಲ್ಲರೂ ಒಟ್ಟಿಗೆ ತಾಟಿನ ಮುಂದೆ ಕೂತದ್ದು ನೋಡಿ ನನಗೆ ಹಿಗ್ಗು. ಹಿಗ್ಗಿನಲ್ಲಿ ಬಾಯಿಗೆ ಬಂದದ್ದು ನಮ್ಮೂರ ಮಾತು. “ಚಾಲೂ, ಚಾಲೂ!” ಅಂದೆ. ನಡೆಯಲಿ, ಬಡಿಸಿರಿ ಅಂತ. ಅವರು ಸೌಟು ಎತ್ತಿಕೊಂಡು ಮುಂದೆ ಹೋಗಿಯೇ ಬಿಟ್ಟರು. ಹಿಂದೆ ತುಪ್ಪದವರು, ಪುಳಿಹೋರದವರು, ಪಲ್ಯ-ಪಚ್ಚಡಿಯವರು ಬಂದರು. ಅವರಿಗೂ “ಚಾಲೂ” ಅಂದೆ. ಅವರೂ ಹೋದರು.

ಎಲ್ಲರೂ ಕಲಸಿ ಉಣ್ಣತೊಡಗಿದರು. ನನ್ನ ಮುಂದೆ ಬರೀ ಅನ್ನ. ಕೂಗಿ ಕರೆಯಬಹುದಿತ್ತು. ಆದರೆ ಬೇಡಿ ಉಂಡ ರೂಢಿ ಇಲ್ಲ, ಯಾರಾದರೂ ನೋಡಿ ಹಾಕುತ್ತಾರೆ ಅಂತ ಕಾಯುವ ರೂಢಿಯೇ ಇನ್ನೂ ಹೋಗಿಲ್ಲ. ಇಷ್ಟು ಜನರ ನಡುವೆ ಕೂತೂ ತಾರ್ನಾಕದ ಅಡುಗೆಮನೆಯೇ ಕಣ್ಣ ಮುಂದೆ ಬಂತು. ಬದಿಗಿದ್ದ ಉಪ್ಪಿನಕಾಯಿ ಹಚ್ಚಿಕೊಂಡು ಒಂದು ತುತ್ತು ಬಾಯಿಗಿಟ್ಟೆ.

“ಆಯಿ, ಬರೇ ಅನ್ನಾ ಯಾಕ ಉಣ್ಣಾಕತ್ತೀ?” ಮೊಮ್ಮಗಳು ನೋಡಿದ್ದಳು.

“ಚಾಲೂ ಅಂದ್ನೆವ್ವಾ, ಆದ್ರೂ ಹಾಕದ ಹೋದ್ರು.”

ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಆಯಿ! ಅವರಿಗೆ ಚಾಲು ಅಂದ್ರ ಸಾಕು ಅಂತ!”

ಆಗ ನನಗೂ ಹೊಳೆಯಿತು. ಇಷ್ಟು ವರ್ಷ ಬಜಾರದಲ್ಲಿ ಕೇಳಿದ ಮಾತು ಅದು! ಬೋಟಿನ ನಮ್ಮ ಸಾಲೆಲ್ಲ ನಕ್ಕಿತು. ಮೊಮ್ಮಗಳು ಎದ್ದು ಹೋಗಿ ಮೀಸೆಯವರ ಕೈಯಿಂದ ಸೌಟನ್ನೇ ಇಸಿದುಕೊಂಡು ಬಂದಳು. ಒಂದು ಸೌಟು ಹಾಕಿದಳು. ಸಾಕು ಅಂದೆ. ಇನ್ನೊಂದು ಹಾಕಿದಳು.

“ಸಾಕವ್ವಾ, ಸಾಕು!”

“ನೀ ಸಾಕು ಅಂದ್ರ ಬೇಕು ಅಂತ. ನನಗ ಗೊತ್ತಿಲ್ಲೇನು?” ಅಂದು ಮೂರನೆಯದೂ ಹಾಕಿದಳು.

ಯಜಮಾನರು ಹೋದ ಮೇಲೆ ನನಗೆ ಒತ್ತಾಯ ಮಾಡಿ ಬಡಿಸಿದವರಲ್ಲಿ ಅವಳೇ ಮೊದಲು. ತಲೆ ಎತ್ತದೆ ಉಂಡೆ. ಕಣ್ಣು ಒರೆಸಿಕೊಂಡದ್ದಕ್ಕೆ ಉಪ್ಪಿನಕಾಯಿ ಖಾರ ಅಂತ ಹೇಳಿದೆ. ಸಿಹಿಗೆ ಪೂತರೇಕುಲು ಕೊಟ್ಟರು, ಮಗ ಅದರ ಹಾಳೆಯಂಥ ಪದರನ್ನು ಕಾಗದ ಅಂತ ತಿಳಿದು ಸುಲಿಯತೊಡಗಿದ. “ಏನ್ರಿ, ಅದನ್ನ ತಿನ್ನೂದ್ರಿ!” ಅಂತ ಸೊಸೆ ಅವನ ಕೈಗೆ ಹೊಡೆದಳು.

ಎರಡು ದಿನ ಹಾಗೆ ಗಂಟೆ ಬಾರಿಸಿದಾಗಲೆಲ್ಲ ನಾಲ್ಕೂ ಜನ ಕೂತೆವು. ವಾಪಸು ಬರುವಾಗ ಬೆಟ್ಟ ದಾಟಿದೊಡನೆ ಎಲ್ಲರ ಫೋನುಗಳೂ ಒಟ್ಟಿಗೆ ಕೂಗಿದವು. ಆಗಲೇ ಮೊಮ್ಮಗಳು ನನ್ನ ಕಿವಿಯಲ್ಲಿ, “ಆಯಿ, ನಿನ್ನ ಮನಿ ಬಾಜೂಕ ಸೀಟ್ ಸಿಕ್ರ ನಿನ್ನ ಜೋಡಿನ ಉಣ್ತೀನಿ,” ಅಂದಳು. ಹುಡುಗರ ಮಾತು, ಊರು ಮುಟ್ಟಿದ ಮೇಲೆ ಯಾರಿಗೆ ನೆನಪು ಅಂದುಕೊಂಡೆ. ಅಂದುಕೊಂಡರೂ ದಿನಾ ಸಂಜೆ ರೊಟ್ಟಿ ಬಡಿಯುವಾಗ ಅದೇ ನೆನಪು. ನಡುವೆ ಒಮ್ಮೆ ಮಗ, ಹಾಸ್ಟೆಲ್ಲೇ ಅನುಕೂಲ ಅಂದಿದ್ದ. ಆ ದಿನ ಒಲೆಯನ್ನೇ ಹಚ್ಚಲಿಲ್ಲ.

ನಿನ್ನೆ ಸಂಜೆ ಮೂವರೂ ಬಂದರು, ಅವಳ ಬಟ್ಟೆ, ಪುಸ್ತಕ, ದಿಂಬು ಹೊತ್ತುಕೊಂಡು. ಮಗ ಬಾಗಿಲಲ್ಲೇ, “ಯವ್ವಾ, ಭಾಳ ಹೊತ್ತು ನಿಂದ್ರೂದಿಲ್ಲ,” ಅಂದ.

“ನಿಂದ್ರಬ್ಯಾಡ, ಕುಂಡ್ರು,” ಅಂದೆ.

ಅಟ್ಟದ ಮೇಲಿನ ದೊಡ್ಡ ತಾಟುಗಳನ್ನು ಇಳಿಸಿ ತೊಳೆದಿದ್ದೆ. ಐದು ತಾಟು ಇಳಿಸಿದ್ದೆನೆಂದು ಹಾಕುವಾಗ ಗೊತ್ತಾಯಿತು, ಯಜಮಾನರ ತಾಟನ್ನು ಒಳಗಿಟ್ಟೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು, ಜೊತೆಗೆ ಬೋಟಿನವರ ಹಾಗೆ ಗಟ್ಟಿ ಬೇಳೆ. ಮಗ ಎರಡನೆಯ ರೊಟ್ಟಿ ಮುರಿದ. ಅವನ ಫೋನು ಜೇಬಿನಲ್ಲಿ ಕೂಗುತ್ತಿತ್ತು, ಎಡಗೈಯಿಂದ ಅದರ ಬಾಯಿ ಮುಚ್ಚಿದ.

“ಅತ್ತಿ, ನೀವೂ ಕುಂಡ್ರಿ, ನಾ ಬಡಸ್ತೀನಿ,” ಅಂದಳು ಸೊಸೆ. ನಾನು ಕೂತೆ. ಅಷ್ಟರಲ್ಲಿ ಮೊಮ್ಮಗಳೇ ಸೌಟು ಹಿಡಿದು ನನ್ನ ತಾಟಿನ ಮೇಲೆ ಬಗ್ಗಿ ನಿಂತಿದ್ದಳು.

“ವೆಯ್ಯನಾ ಅಮ್ಮಾ?”

“ಚಾಲು!” ಅಂದೆ.

“ಯಾವ ಚಾಲು ಆಯಿ? ಅವರದೋ, ನಮ್ಮದೋ?”

“ನಮ್ಮದು,” ಅಂದೆ. ಅವಳು ಬಡಿಸಿದಳು, ಸಾಕು ಅಂದ ಮೇಲೂ ಬಡಿಸಿದಳು. ಆಮೇಲೆ ನನ್ನ ಪಕ್ಕದಲ್ಲೇ ಕೂತು ತನ್ನ ರೊಟ್ಟಿ ಮುರಿದಳು, ಎಲ್ಲರೂ ಉಂಡೆವು.