ಕಾರ್ಬುರೇಟರಿನ ಕಾಲು ಸುತ್ತು

ಕಳೆದ ಭಾನುವಾರ ಮಧ್ಯಾಹ್ನ ಅಮ್ಮ ಉಪ್ಪಿನಕಾಯಿ ಬಾಟಲಿಯನ್ನು ನನ್ನ ಎದುರು ತಂದಿಟ್ಟರು. ಮುಚ್ಚಳ ತಿರುಗಿಸಲು ಅವರ ಬಲಗೈಗೆ ಆಗುವುದಿಲ್ಲ. ಎರಡು ವರ್ಷದ ಹಿಂದೆ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿದೆ, ಆದರೆ ಕೈ ಮೊದಲಿನಷ್ಟು ಹೊರಳುವುದಿಲ್ಲ. ನಾನು ಮುಚ್ಚಳ ತೆಗೆದುಕೊಟ್ಟೆ. ಸಾಸಿವೆಯ ಖಾರ ಮೂಗಿಗೆ ಬಡಿಯಿತು. ಅಮ್ಮ ಎಂದಿನ ಮಾತನ್ನೇ ಹೇಳಿದರು:

“ಎಲ್ಲ ಆ ಪೊರ್ಬುಗಳ ಪುಣ್ಯ. ಒಂದು ಬಾಟಲಿ ತೆಗೆಯಲಿಕ್ಕೂ ಮಗಳನ್ನು ಕರೆಯಬೇಕು.”

ತುಳು ಮಾತಾಡುವ ನಾವು ಇಲ್ಲಿಯ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಪೊರ್ಬುಗಳು ಎನ್ನುತ್ತೇವೆ. ನಮ್ಮ ಮನೆಯಲ್ಲಿ ಮಾತ್ರ ಎರಡು ವರ್ಷಗಳಿಂದ ಆ ಹೆಸರು ಒಬ್ಬರಿಗೇ ಸೇರಿದ್ದು: ಶಿರ್ವದಲ್ಲಿ ಬೈಕ್ ರಿಪೇರಿ ಮಾಡುವವರಿಗೆ. ಮರ್ಯಾದೆಯ ಪದವನ್ನು ಕಳಚದೆಯೇ ಒಬ್ಬರನ್ನು ಬೈಯುವುದು ಅಮ್ಮನಿಗೆ ಚೆನ್ನಾಗಿ ಬರುತ್ತದೆ. ಆ ಬೈಗುಳ ಕೇಳಿಸಿಕೊಂಡು ಸುಮ್ಮನೆ ಅನ್ನ ಕಲಸುವುದು ನನಗೆ ಚೆನ್ನಾಗಿ ಬರುತ್ತಿತ್ತು. ಯಾಕೆಂದು ನಿಮಗೆ ತಿಳಿಯಬೇಕಾದರೆ ಬೈಕಿನಿಂದಲೇ ಶುರು ಮಾಡಬೇಕು.

ಅದು ಅಪ್ಪನ ಹಳೆಯ ನೂರು ಸಿಸಿ ಬೈಕು. ಅಪ್ಪ ಮಲ್ಪೆಯಿಂದ ಮೀನು ತಂದು ಹೋಟೆಲುಗಳಿಗೆ ಕೊಡುವವರು. ಟೆಂಪೋ ಬಂದ ಮೇಲೆ ಬೈಕು ನನಗೆ ಸಿಕ್ಕಿತು. ನಾನು ಮಣಿಪಾಲದಲ್ಲಿ ಸಂಖ್ಯಾಶಾಸ್ತ್ರ ಓದಿ, ಕಾರ್ಕಳದ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಆಗಷ್ಟೇ ಸೇರಿದ್ದೆ. ಕಾಪುವಿನಿಂದ ಶಿರ್ವ, ಬೆಳ್ಮಣ್, ನಿಟ್ಟೆ ದಾಟಿ ಹೋಗಬೇಕು. ಗೇರಿನ ಬೈಕು ಬಿಡುವ ಹುಡುಗಿಯನ್ನು ನೋಡಿ ಮೊದಲ ವಾರ ಮೀನು ಮಾರುಕಟ್ಟೆಯ ಹೆಂಗಸರು, “ಎಂತ ಮಾರಾಯ್ತಿ, ನಮ್ಮನ್ನೂ ಮಲ್ಪೆಗೆ ಬಿಡುತ್ತೀಯಾ?” ಎಂದು ಕೇಳಿದರು. ಎರಡನೆಯ ವಾರ ಯಾರೂ ಕೇಳಲಿಲ್ಲ. ಬಸ್ಸಿನಲ್ಲಿ ಪಕ್ಕದವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗಿಲ್ಲ ಎಂಬುದೇ ನನಗೆ ದೊಡ್ಡ ಸುಖವಾಗಿತ್ತು.

ಈಗಿನ ಗಾಡಿಗಳಲ್ಲಿ ಕಾರ್ಬುರೇಟರ್ ಇಲ್ಲ. ನಮ್ಮದರಲ್ಲಿ ಇತ್ತು. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಇಂಜಿನ್ನಿಗೆ ಕಳಿಸುವ, ಮುಷ್ಟಿಯಷ್ಟು ದೊಡ್ಡ ಲೋಹದ ತುಂಡು. ಅದರ ಬದಿಯಲ್ಲಿ ಒಂದು ಹಿತ್ತಾಳೆಯ ಸ್ಕ್ರೂ ಉಂಟು. ಹೊರಗೆ ತಿರುಗಿಸಿದರೆ ಗಾಳಿ ಹೆಚ್ಚು, ಒಳಗೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚು. ಶಿರ್ವದ ಪೊರ್ಬುಗಳು ಇಂಜಿನ್ ಬಿಸಿಯಾಗುವವರೆಗೆ ಕಾಯುತ್ತಿದ್ದರು. ಮತ್ತೆ ಸ್ಕ್ರೂವನ್ನು ಇಂಜಿನ್ ತಡವರಿಸುವಷ್ಟು ಒಳಗೆ, ತಡವರಿಸುವಷ್ಟು ಹೊರಗೆ ತಿರುಗಿಸಿ ಎರಡರ ನಡುವೆ ತಂದು ನಿಲ್ಲಿಸುತ್ತಿದ್ದರು. ಕೊನೆಗೊಂದು ಪ್ರಶ್ನೆ:

“ಹಿಂದೆ ಯಾರು ಕೂತುಕೊಳ್ಳುವುದು?”

ಇದನ್ನು ಅವರು ಎಲ್ಲರನ್ನೂ ಕೇಳುತ್ತಾರೆಂದು ನನಗೆ ಆಗ ಗೊತ್ತಿರಲಿಲ್ಲ. ಮದುವೆಯಾಗದ ಹುಡುಗಿಗೆ ಈ ಊರಿನಲ್ಲಿ ಆ ಪ್ರಶ್ನೆಯ ಅರ್ಥ ಬೇರೆ. “ಯಾರೂ ಇಲ್ಲ,” ಎಂದೆ, ಸ್ವಲ್ಪ ಬಿರುಸಾಗಿಯೇ.

“ಇವತ್ತು ಇಲ್ಲ ಟೀಚರೇ. ನಾಳೆ ಇದ್ದರೆ?” ಎಂದು ನಕ್ಕು ಅವರು ಸ್ಕ್ರೂವನ್ನು ಕಾಲು ಸುತ್ತು ಒಳಗೆ ತಿರುಗಿಸಿದರು. “ಭಾರ ಇದ್ದಾಗ ಒಮ್ಮೆಲೇ ಎಕ್ಸಿಲರೇಟರ್ ಕೊಟ್ಟರೆ ಇಂಜಿನ್ನಿಗೆ ಉಸಿರು ಕಟ್ಟಬಾರದು. ಮೈಲೇಜ್ ಸ್ವಲ್ಪ ಹೋಗುತ್ತದೆ, ಹೋಗಲಿ.” ಹೆಂಡತಿಯ ಉಗುರು ಬಣ್ಣದ ಸೀಸೆಯಿಂದ ಸ್ಕ್ರೂವಿನ ತಲೆಗೂ ಪಕ್ಕದ ಲೋಹಕ್ಕೂ ಸೇರಿಸಿ ಒಂದು ಕೆಂಪು ಗೆರೆ ಎಳೆದರು. ಸ್ಕ್ರೂ ಅಲುಗಿದರೆ ಗೆರೆ ತುಂಡಾಗುತ್ತದೆ.

ಹೋಗಲಿ ಎನ್ನುವುದು ನನ್ನ ಸ್ವಭಾವದಲ್ಲಿಲ್ಲ. ನಾನು ಮೈಲೇಜಿನ ಲೆಕ್ಕಕ್ಕೆ ಪುಸ್ತಕ ಇಟ್ಟವಳು. ದಿನಾಂಕ, ಕಿಲೋಮೀಟರ್, ಲೀಟರ್, ಗಾಳಿಯ ಒತ್ತಡ, ಮಳೆ ಇತ್ತೋ ಇಲ್ಲವೋ. ಪೆಟ್ರೋಲ್ ಉಳಿಸುವ ಆಸೆಯಿಂದಲ್ಲ, ಗ್ರಾಫು ಮೇಲೇರುವುದನ್ನು ನೋಡುವ ಚಟದಿಂದ. ಲೀಟರಿಗೆ ಐವತ್ತೆಂಟು ಎಂಬ ಅಂಕಿ ನನ್ನನ್ನು ಚುಚ್ಚುತ್ತಿತ್ತು. ಸರ್ವಿಸಿನ ಮರುದಿನ ಸಂಜೆ, ಕಾರ್ಕಳದಿಂದ ಬಂದ ಇಂಜಿನ್ ಇನ್ನೂ ಬಿಸಿಯಿರುವಾಗ, ಅಂಗಳದಲ್ಲಿ ಕೂತು ಆ ಕಾಲು ಸುತ್ತನ್ನು ಹೊರಗೆ ತಿರುಗಿಸಿದೆ. ಒಂದು ವಾರ ಬಿಟ್ಟು ಇನ್ನೊಂದಿಷ್ಟು. ಅಂಕಿ ಅರವತ್ತಮೂರಕ್ಕೆ ಏರಿತು. ಪುಸ್ತಕದಲ್ಲಿ ಹೀಗೆ ಬರೆದೆ: “ಬೆಳಿಗ್ಗೆ ಹೊರಡುವಾಗ ಸ್ವಲ್ಪ ತಡವರಿಕೆ. ನಗಣ್ಯ.”

ನನ್ನ ಕೈಬರಹ ಚಂದ. ಆ ‘ನಗಣ್ಯ’ವೂ ಚಂದವಾಗಿಯೇ ಉಂಟು.

ಎರಡು ದಿನದ ನಂತರ ಅಮ್ಮ ಕಾರ್ಕಳದ ಚಿಕ್ಕಮ್ಮನ ಮನೆಗೆ ಹೋಗುವವರಿದ್ದರು. “ಬಸ್ ಯಾಕೆ, ನನ್ನ ಜೊತೆ ಬನ್ನಿ,” ಎಂದೆ. ನಮ್ಮ ಮನೆ ಸಮುದ್ರದ ಬದಿಗೆ. ಶಿರ್ವದ ದಾರಿ ಹಿಡಿಯಲು ಹೆದ್ದಾರಿ ದಾಟಬೇಕು. ಬೆಳಗಿನ ಎಕ್ಸ್‌ಪ್ರೆಸ್ ಬಸ್ಸು ಉಡುಪಿಯ ಕಡೆಯಿಂದ ಬರುತ್ತಿತ್ತು. ದೂರವಿತ್ತು, ದಾಟಲು ಸಮಯ ಧಾರಾಳ ಇತ್ತು. ನಾನು ದಿನಾ ಅಂದಾಜು ಮಾಡುವವಳು. ಎಕ್ಸಿಲರೇಟರ್ ತಿರುಗಿಸಿದೆ. ಇಂಜಿನ್ ಒಮ್ಮೆ ಬಿಕ್ಕಿ, ಸುಮ್ಮನಾಯಿತು.

ರಸ್ತೆಯ ನಡುವೆ ನಿಂತ ಬೈಕಿನ ಮೇಲೆ ಎಷ್ಟು ನಿಶ್ಶಬ್ದ ಇರುತ್ತದೆಂದು ನಾನು ಅಲ್ಲಿಯವರೆಗೆ ತಿಳಿದಿರಲಿಲ್ಲ. ಕಿಕ್ ಹೊಡೆದೆ. ಹಿಡಿಯಲಿಲ್ಲ. ಇನ್ನೊಮ್ಮೆ ಹೊಡೆದೆ. ಹಾರ್ನ್ ಬಂತು, ಆಮೇಲೆ ಬ್ರೇಕಿನ ಉಜ್ಜುವ ಸದ್ದು. ನನ್ನ ಸೊಂಟ ಹಿಡಿದಿದ್ದ ಅಮ್ಮನ ಕೈ ಬಿಟ್ಟುಹೋಯಿತು. ಹೆದರಿ ಪಕ್ಕಕ್ಕೆ ಹಾರಿದ್ದ ಅವರು ಡಿವೈಡರಿನ ಅಂಚಿಗೆ ಕೈ ಊರಿ ಬಿದ್ದಿದ್ದರು. ಬಸ್ಸು ನನ್ನ ಮೊಣಕಾಲಿನಿಂದ ಒಂದು ಮಾರು ದೂರದಲ್ಲಿ ನಿಂತಿತ್ತು.

“ಎಂತ ಅಕ್ಕ, ನಿಲ್ಲಿಸಲಿಕ್ಕೆ ಬೇರೆ ಜಾಗ ಸಿಗಲಿಲ್ವಾ?” ಎನ್ನುತ್ತಾ ಇಳಿದ ಕಂಡಕ್ಟರ್ ಅಮ್ಮನ ಕೈ ನೋಡಿ ಮಾತು ನಿಲ್ಲಿಸಿದ. ಅವನೇ ರಿಕ್ಷಾ ಕರೆದ.

ಮಣಿಪಾಲದ ಆಸ್ಪತ್ರೆಯಲ್ಲಿ ಅಪ್ಪ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: “ಮೊನ್ನೆ ತಾನೇ ಸರ್ವಿಸ್ ಆದದ್ದಲ್ವಾ?” ನಾನು ಹೌದೆಂದೆ. ಅದು ನಿಜವೇ ಆಗಿತ್ತು.

ಮರುದಿನ ಅಪ್ಪ ಬೈಕನ್ನು ಟೆಂಪೋದಲ್ಲಿ ಹಾಕಿ, ನನ್ನನ್ನೂ ಕರೆದುಕೊಂಡು ಶಿರ್ವಕ್ಕೆ ಹೋದರು. ಅಂಗಡಿಯ ಬೆಂಚಿನಲ್ಲಿ ಮೂರು ಗಿರಾಕಿಗಳಿದ್ದರು.

“ಪೊರ್ಬುಗಳೇ, ನನ್ನ ಹೆಂಡತಿ ನಿನ್ನೆ ಬಸ್ಸಿನಡಿಗೆ ಹೋಗುವವಳಿದ್ದಳು. ಇದಕ್ಕೆ ರಿಪೇರಿ ಅಂತ ಹೇಳುವುದಾ?”

ಅವರು ಬೈಕಿನ ಪಕ್ಕ ಕುಕ್ಕುರು ಕೂತರು. ಬಟ್ಟೆಯಿಂದ ಕಾರ್ಬುರೇಟರ್ ಒರಸಿದರು. ಕೆಂಪು ಗೆರೆ ಎರಡು ತುಂಡಾಗಿ, ಒಂದು ತುಂಡು ಎಲ್ಲೋ ತಿರುಗಿ ನಿಂತಿತ್ತು. ನನಗೆ ಅದು ಕಂಡಿತು. ನನಗೆ ಕಂಡದ್ದು ಅವರಿಗೂ ಕಂಡಿತು. ತಲೆಯೆತ್ತಿ, ಮೆಲ್ಲಗೆ ಕೇಳಿದರು: “ಟೀಚರೇ, ಈ ಸ್ಕ್ರೂವನ್ನು ಯಾರಾದರೂ ಮುಟ್ಟಿದ್ದಾರಾ?”

ಬೆಂಚಿನವರು ನನ್ನನ್ನು ನೋಡಿದರು. ಅಪ್ಪ ನೋಡಿದರು. ಬೈಕು ನನ್ನ ಕೈತಪ್ಪುತ್ತದೆ, ಅಮ್ಮ ಇನ್ನು ನನ್ನ ಮುಖ ನೋಡುವುದು ಹೇಗೆ ಎಂಬೆರಡು ಯೋಚನೆಗಳು ಒಟ್ಟಿಗೇ ಬಂದವು. “ಇಲ್ಲ,” ಎಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಮತ್ತೆ ಅಪ್ಪನ ಕಡೆ ತಿರುಗಿ, “ಹಾಗಾದರೆ ನಾನು ಹೇಳುವಂಥದ್ದು ಎಂತದೂ ಇಲ್ಲ,” ಎಂದರು.

ಅಪ್ಪನಿಗೆ ಹೇಳುವಂಥದ್ದು ಬಹಳ ಇತ್ತು. ಮೀನು ಕೊಡುವ ಹೋಟೆಲುಗಳಲ್ಲಿ, ಐಸ್ ತುಂಬಿಸುವಲ್ಲಿ, ಚಾ ಕುಡಿಯುವಲ್ಲಿ ಎಲ್ಲ ಕಡೆ ಹೇಳಿದರು. ನಾನು ಸರ್ವಿಸಿಗೆ ಕಾರ್ಕಳದಲ್ಲಿ ಬೇರೆ ಅಂಗಡಿ ಹಿಡಿದೆ. ದಿನಕ್ಕೆ ಎರಡು ಸಲ ಶಿರ್ವದ ಆ ಅಂಗಡಿಯ ಮುಂದೆ ಹಾದುಹೋಗುವಾಗ ಹೆಲ್ಮೆಟ್ಟಿನ ಗಾಜು ಇಳಿಸುತ್ತಿದ್ದೆ. ಆದರೂ ಕಾಣುವುದು ಕಾಣುತ್ತಿತ್ತು. ಎದುರು ನಿಲ್ಲುತ್ತಿದ್ದ ಹತ್ತು ಬೈಕುಗಳು ಆರಾದವು, ಮೂರಾದವು. ಎಣಿಸುವುದು ನನ್ನ ಅಭ್ಯಾಸ. ಬೇಡವೆಂದರೂ ಎಣಿಸುತ್ತಿದ್ದೆ.

ಕಳೆದ ತಿಂಗಳು ಒಂದು ದಿನ ಆ ಅಂಗಡಿಯ ಎದುರು ಒಂದೂ ಬೈಕು ಇರಲಿಲ್ಲ. ನಾನು ಬೈಕು ನಿಲ್ಲಿಸಿದೆ. ಹೆಲ್ಮೆಟ್ ತೆಗೆದು, “ಆ ಸ್ಕ್ರೂವನ್ನು ತಿರುಗಿಸಿದ್ದು ನಾನೇ,” ಎಂದೆ. ಎರಡು ವರ್ಷ ತಿದ್ದಿ ತಿದ್ದಿ ಇಟ್ಟಿದ್ದ ವಾಕ್ಯಗಳಲ್ಲಿ ಅದೊಂದೇ ಬಾಯಿಗೆ ಬಂತು.

“ಅದನ್ನು ನನ್ನ ಹತ್ತಿರ ಹೇಳಿ ಎಂತ ಉಂಟು ಟೀಚರೇ? ನನಗೆ ಗೊತ್ತಿದ್ದದ್ದೇ.”

“ಅವತ್ತು ನೀವೇ ಹೇಳಬಹುದಿತ್ತು.”

“ನಾನು ಹೇಳಿದರೆ, ಮೆಕ್ಯಾನಿಕ್ ತನ್ನ ತಪ್ಪನ್ನು ಹುಡುಗಿಯ ತಲೆಗೆ ಕಟ್ಟಿದ ಅಂತ ಆಗುತ್ತಿತ್ತು. ನೀವು ಹೇಳುತ್ತೀರಿ ಅಂತ ಕಾದೆ. ಆವತ್ತು ಕಾದೆ, ಆ ವಾರ ಕಾದೆ. ಮತ್ತೆ ಬಿಟ್ಟೆ.” ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಕ್ಷಮೆಯೂ ಇರಲಿಲ್ಲ. ಬಾಗಿಲ ಬಳಿ ನಿಂತ ನನಗೆ ಕೂರಲು ಹೇಳಲಿಲ್ಲ.

ಮನೆಗೆ ಬಂದು ಹೇಳಬೇಕಾಗಿತ್ತು. ಮೂರು ವಾರ ಹೇಳಲಿಲ್ಲ. ಭಾನುವಾರ ಆ ಬಾಟಲಿ ಬಂತು, ಆ ಮಾತು ಬಂತು. “ಪೊರ್ಬುಗಳಲ್ಲ ಅಮ್ಮ, ನಾನು,” ಎಂದೆ. ಸ್ಕ್ರೂ ತಿರುಗಿಸಿದ್ದನ್ನೂ, ಅಂಗಡಿಯಲ್ಲಿ ಇಲ್ಲ ಎಂದದ್ದನ್ನೂ ಹೇಳಿದೆ.

ಅಮ್ಮ ತನ್ನ ಕೈಯ ಮಾತೇ ಎತ್ತಲಿಲ್ಲ. “ಎರಡು ವರ್ಷ ನಾನು ಅವರಿಗೆ ಶಾಪ ಹಾಕುವಾಗ ನೀನು ಇಲ್ಲೇ ಕೂತು ಊಟ ಮಾಡಿದ್ದೀಯಲ್ಲಾ,” ಎಂದು ಎದ್ದುಹೋದರು.

ಅಪ್ಪ ಕೈ ತೊಳೆದು ಬಂದರು. “ನಾನು ಯಾರಿಗೆಲ್ಲ ಹೇಳಿದ್ದೇನೆ ಗೊತ್ತುಂಟಾ ನಿನಗೆ?”

“ಇಲ್ಲ.”

“ಬರೆದುಕೋ.” ಒಂದೊಂದೇ ಹೆಸರು ನೆನಪು ಮಾಡಿ ಹೇಳಿದರು, ನಾನು ಮೊಬೈಲಿನಲ್ಲಿ ಬರೆದುಕೊಂಡೆ. ಹನ್ನೊಂದು ಆದವು. “ನಾನು ಹೇಳುವುದಿಲ್ಲ. ನೀನೇ ಹೋಗಿ ಹೇಳಬೇಕು. ಶಿರ್ವಕ್ಕೆ ನಾನು ಹೋಗುತ್ತೇನೆ.” ಅವರು ಸೋಮವಾರವೇ ಹೋಗಿ ಬಂದರು. ಅಲ್ಲಿ ಏನು ಮಾತಾಯಿತೆಂದು ಹೇಳಲಿಲ್ಲ, ನಾನು ಕೇಳಲಿಲ್ಲ.

ಈ ವಾರ ಐದು ಜನರಿಗೆ ಹೇಳಿ ಮುಗಿಸಿದೆ. ಪರಿಚಯವಿಲ್ಲದವರ ಎದುರು ನಿಂತು ನನ್ನ ಬಗ್ಗೆ ಮಾತಾಡುವುದು ನನಗೆ ಎಷ್ಟು ಕಷ್ಟವೆಂದು ಇಷ್ಟು ಹೊತ್ತಿಗೆ ನೀವು ಊಹಿಸಿರಬಹುದು. ಸಂತೆಕಟ್ಟೆಯ ಹೋಟೆಲಿನವರು ಜೋರಾಗಿ ನಕ್ಕರು. “ಇಷ್ಟು ಹೇಳಲಿಕ್ಕೆ ಕಾಪುವಿನಿಂದ ಬಂದದ್ದಾ ಮಾರಾಯ್ತಿ? ನನಗೆ ಮರೆತೇ ಹೋಗಿತ್ತು.” ಅವರು ಮರೆತದ್ದು ಕಾರಣವನ್ನು ಮಾತ್ರ. ಶಿರ್ವದಲ್ಲಿರುವ ಹೆಂಡತಿಯ ತವರಿಗೆ ಹೋದಾಗಲೆಲ್ಲ ಆ ಅಂಗಡಿಯಲ್ಲಿ ಬೈಕು ತೋರಿಸುತ್ತಿದ್ದವರು ಎರಡು ವರ್ಷದಿಂದ ತೋರಿಸಿರಲಿಲ್ಲ.

ಅದನ್ನು ಕೇಳಿ ಹಿಂದೆ ಬರುವಾಗ ಲೆಕ್ಕ ನನ್ನ ಕೈಮೀರಿತು. ಹನ್ನೊಂದು ಜನ ಇನ್ನೆಷ್ಟು ಜನರಿಗೆ ಹೇಳಿದ್ದಾರೋ, ಅವರು ಇನ್ನೆಷ್ಟು ಮಂದಿಗೋ. ಅವರೆಲ್ಲರ ಮನೆಬಾಗಿಲು ನನಗೆ ಗೊತ್ತಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಶಿರ್ವದ ಪೊರ್ಬುಗಳ ಕೆಲಸ ಸರಿಯಿಲ್ಲ, ಅವರು ಮುಟ್ಟಿದ ಬೈಕು ಹೆದ್ದಾರಿಯ ನಡುವೆ ನಿಂತಿತು ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿದ್ದರೆ, ಅದು ಸುಳ್ಳು. ಅವರು ಸರಿಯಾಗಿಯೇ ಇಟ್ಟಿದ್ದರು. ತಿರುಗಿಸಿದವಳು ನಾನು.