ಕೈಗೆ ಬಾರದ ಕಡ್ಡಿ, ಕಾಲಡಿಯ ಪೆಡಲ್

ನನಗೆ ರಾಗ ತಾಳ ಗೊತ್ತಿಲ್ಲ. ಗೊತ್ತಿರೋದು ಹೊಲಿಗೆ ಮಿಷನ್ನು. ಚನ್ನಗಿರಿಯ ಎಷ್ಟೋ ಹೆಂಗಸರ ಜಾಕೀಟು ಹೊಲಿದಿದ್ದೀನಿ. ಆದ್ರೂ ಗಿಟಾರಿನ ವಿಷಯ ಬರೀತೀನಿ. ನನ್ನ ಮಗಳ ಮಗಳು ಅದನ್ನ ಕಲಿತಿದ್ದು ನನ್ನ ಮಿಷನ್ನಿನ ಪಕ್ಕದಲ್ಲೇ ಕೂತು. ನನ್ನ ಕಿವಿಗೆ ಬೇರೆ ದಾರಿ ಇರಲಿಲ್ಲ.

ಈಗ ಹೊನ್ನಾಳಿಯ ಆರ್ಕೆಸ್ಟ್ರಾದಲ್ಲಿ ನುಡಿಸ್ತಾಳೆ. ಅವಳ ಗಿಟಾರಿಗೆ ಒಂದು ಬಾಗಿದ ಕಬ್ಬಿಣದ ಕಡ್ಡಿ ಇದೆ. ತಂತಿ ಮೀಟಿ ಅದನ್ನ ಅಮುಕಿದರೆ ತಂತಿಗಳೆಲ್ಲ ಸಡಿಲಾಗಿ ಸ್ವರ ಕೆಳಗೆ ಜಾರುತ್ತೆ, ಬಿಟ್ಟರೆ ಮೇಲಕ್ಕೆ ಬರುತ್ತೆ. ಮದುವೆ ಮನೆಯಲ್ಲಿ ಹೆಣ್ಣು ಕಳಿಸೋ ಹಾಡಿಗೆ ಅವಳು ಕಡ್ಡಿ ಅಮುಕಿದರೆ ಗಂಡಸರೂ ಮೂಗು ಒರೆಸ್ಕೊಳ್ತಿದ್ದರು. ನಾನು ಒರೆಸ್ಕೊಂಡವಳಲ್ಲ. ಮನೆಯಲ್ಲಿ ಅವಳು ಅದನ್ನ ನುಡಿಸುವಾಗ ಮಿಷನ್ನು ನಿಲ್ಲಿಸ್ತಿದ್ದೆ, ಅಷ್ಟೆ.

ಹೋದ ವರ್ಷ ನಲ್ಲೂರಿನ ಹತ್ತಿರ ಸ್ಕೂಟಿಯಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲೇಟು ಹಾಕಿದರು. ಮೀಟಲು ಬಂತು, ಕಡ್ಡಿ ಅಮುಕಲು ಬರಲಿಲ್ಲ. ಅಷ್ಟರಲ್ಲಿ ಆರ್ಕೆಸ್ಟ್ರಾ ಯಜಮಾನ ಫೋನು ಮಾಡಿದ.

"ಜಗಳೂರು ಮದುವೇಲಿ ಆ ಹಾಡು ಬೇಕೇಬೇಕಂತೆ. ಆಗದಿದ್ರೆ ಈಗ್ಲೇ ಹೇಳಿಬಿಡವ್ವ, ಬೇರೆಯವರನ್ನ ಇಟ್ಕಂತೀನಿ."

"ಆಗುತ್ತಣ್ಣ," ಅಂದಳು.

"ಸುಳ್ಳು ಯಾಕೆ ಹೇಳಿದೆ?" ಅಂತ ಕೇಳಿದೆ.

"ಸುಳ್ಳಲ್ಲಜ್ಜಿ. ಕೈ ಇಲ್ದಿದ್ರೆ ಕಾಲೈತಲ್ಲ."

ದಾವಣಗೆರೆಯಿಂದ ಒಂದು ಪೆಡಲ್ ತಂದಳು. ಕಪ್ಪಗೆ, ಪಾದದಷ್ಟೇ ಉದ್ದ. ಅದನ್ನ ತುಳಿದರೆ ಕಡ್ಡಿ ಅಮುಕಿದ ಹಾಗೇ ಸ್ವರ ಇಳಿಯುತ್ತಂತೆ.

"ತಂತಿ ಸಡಿಲಾಗಲ್ಲಜ್ಜಿ. ಒಳಗೆ ಸಣ್ಣ ಕಂಪ್ಯೂಟರ್ ಐತೆ. ತಂತಿ ಸದ್ದು ತಗಂಡು ಅದೇ ಇಳಿಸಿ ಕೊಡುತ್ತೆ. ಎಷ್ಟು ತುಳಿದ್ರೆ ಅಷ್ಟು."

ಮೊದಲ ಸಲ ತುಳಿದಾಗ ಬಾವಿಗೆ ಕೊಡ ಬಿದ್ದಂಗಾಯಿತು. ಹಾಗೇ ಹೇಳಿದೆ. ಮುಖ ಊದಿಸಿಕೊಂಡಳು. ನಾನು ಮಿಷನ್ನಿನ ದಾರ ತೆಗೆದು ಅವಳನ್ನ ಅದರ ಮುಂದೆ ಕೂರಿಸಿದೆ.

"ಬೆರಳಲ್ಲಿ ಒದೀಬ್ಯಾಡ. ಹಿಮ್ಮಡಿ ಊರು. ಚಕ್ರ ನಿಧಾನಕ್ಕೆ ತಿರುಗಬೇಕು, ನಿಲ್ಲಬಾರದು."

ಸ್ಟೇಜಿಗೆ ಹಾಕುವ ಬೂಟು ಹಾಕಿಕೊಂಡೇ ದಿನಾ ಮಿಷನ್ನು ತುಳಿದಳು. ಕೊನೆಗೆ ಪೆಡಲಿನಲ್ಲೂ ಸ್ವರ ನುಣ್ಣಗೆ ಇಳಿಯಿತು. ಮೊದಲು ಕಡ್ಡಿ ಅಮುಕಿ ಅಮುಕಿ ತಂತಿಯ ಶ್ರುತಿ ಕೆಡುತ್ತಿತ್ತು, ಹಾಡು ಮುಗಿದ ಮೇಲೆ ಕಿವಿ ಕೊಟ್ಟು ತಿರುಪು ತಿರುಗಿಸ್ತಾ ಕೂರೋಳು. ಆ ಕಾಟ ತಪ್ಪಿತು. ಆದರೆ ಕೈಯಲ್ಲಿ ಅಮುಕಿದಾಗ ಸ್ವರದಲ್ಲಿ ಒಂದು ನಡುಕ ಇರುತ್ತಿತ್ತು. ಅದು ಬರಲಿಲ್ಲ.

"ಕಡ್ಡೀದೇ ಚೆನ್ನಾಗಿತ್ತು," ಅಂದೆ.

"ಗೊತ್ತು ಬಿಡಜ್ಜಿ," ಅಂದಳು. ಆಮೇಲೆ ಊಟ ಸೇರಲಿಲ್ಲ ಅವಳಿಗೆ.

ಜಗಳೂರಿಗೆ ನಾನೂ ಹೋದೆ. ಅವಳ ಕೈಯಲ್ಲಿ ಗಿಟಾರು ಹೊರೋಕಾಗಲ್ಲ. ದಾರಿಯಲ್ಲಿ ಬಸ್ಸು ಕೆಟ್ಟು, ಮುಟ್ಟುವ ಹೊತ್ತಿಗೆ ಹೆಣ್ಣು ಕಳಿಸಲು ನಿಂತಿದ್ದರು. ಮನೆ ಮುಂದಿನ ಹಂದರದ ಬಾಗಿಲಲ್ಲಿ ಒಬ್ಬಾಕೆ ತಂಬಿಗೆ ಹಿಡಿದು ನಿಂತಿದ್ದಳು.

"ಬೂಟು ಹೊರಗೆ ಬಿಡ್ರವ್ವ, ಹಂದರಗಂಬ ನೆಟ್ಟು ಪೂಜೆ ಮಾಡೀವಿ. ಕಾಲು ತೊಳ್ಕಂಡು ಬರ್ರಿ."

ಮೊಮ್ಮಗಳು ಬೂಟು ಬಿಟ್ಟು, ಕಾಲಿಗೆ ನೀರು ಹಾಕಿಸಿಕೊಂಡು ಓಡಿದಳು. ವೈರು ಸಿಕ್ಕಿಸಿ ಒಂದು ಸಲ ಮೀಟಿ ತುಳಿದಳು. ಒದ್ದೆ ಪಾದ ಸರ್ರಂತ ಜಾರಿತು. ಸ್ವರ ಬ್ಯಾ ಅಂತ ಪಾತಾಳಕ್ಕೆ ಹೋಯಿತು.

"ಲೇ, ನಮ್ಮ ಕುರಿ ಯಾವುದಾದ್ರೂ ತಪ್ಪಿಸ್ಕಂಡು ಬಂದೈತೇನು ನೋಡ್ರಲೇ!" ಅಂದ ಬೀಗರ ಕಡೆಯ ಮುದುಕ. ಹಂದರವೆಲ್ಲ ನಕ್ಕಿತು. ಯಜಮಾನ ನಗಲಿಲ್ಲ.

ನಾನು ಹೋಗಿ ಪೆಡಲಿನ ಪಕ್ಕ ಕೂತೆ. "ಕಾಲು ಎತ್ತು."

ಸೆರಗು ತಗೊಂಡು ಪಾದ ಹಿಡಿದೆ. ಕಾಲು ಹಿಂದಕ್ಕೆ ಎಳೆದುಕೊಂಡಳು. "ಅಜ್ಜಿ, ಬ್ಯಾಡ! ನೀನು ನನ್ನ ಕಾಲು ಮುಟ್ಟಬಾರದು, ಜನ ನೋಡ್ತಾರೆ."

"ನೋಡಲಿ. ಹುಟ್ಟಿದಾಗಿಂದ ತೊಳೆದ ಕಾಲಿದು. ಬಾಯಿ ಮುಚ್ಚಿ ಎತ್ತು."

ಬೆರಳ ಸಂದಿಯನ್ನೂ ಬಿಡದೆ ಒರೆಸಿದೆ. ಪೆಡಲೂ ಒರೆಸಿದೆ. "ಹಿಮ್ಮಡಿ ಊರು," ಅಂದೆ. ಅಲ್ಲಿಂದ ಏಳಲಿಲ್ಲ.

ಮದುಮಗಳು ಅವ್ವನ ಕೊರಳಿಗೆ ಬಿದ್ದಾಗ ಇವಳು ಮೀಟಿದಳು. ಪಾದ ನನ್ನ ಕಣ್ಣ ಮುಂದೇ ಇತ್ತು. ಭಯಕ್ಕೆ ನಡುಗುತ್ತಿತ್ತು. ಆದರೆ ಹಿಮ್ಮಡಿ ಕದಲಲಿಲ್ಲ. ಸ್ವರ ಮೆಲ್ಲಗೆ ಇಳಿಯಿತು. ಪಾದದ ನಡುಕ ಅದಕ್ಕೂ ಹತ್ತಿತು. ಕುರಿ ಹುಡುಕಿದ ಮುದುಕ ಟವಲ್ಲಿಂದ ಮುಖ ಮುಚ್ಚಿಕೊಂಡ.

ವೈರು ಸುತ್ತುತ್ತಾ ಯಜಮಾನ ಬಂದ. "ನ್ಯಾಮತಿ ಮದುವೆಗೂ ಬಂದುಬಿಡವ್ವ. ಅಜ್ಜೀನೂ ಕರ್ಕಂಡು ಬಾ, ಕಾಲು ಒರೆಸಾಕೆ."

"ನಿನ್ನ ಕಾಲೂ ಒರೆಸ್ತೀನಿ ಕಣಪ್ಪ, ಮೊದ್ಲು ತೊಳ್ಕಂಡು ಬಾ," ಅಂದೆ.

ಬಸ್ಸಿನಲ್ಲಿ ಕೇಳಿದಳು, "ನಡುಕ ಬಂತಲ್ಲಜ್ಜಿ?"

"ಬಂತು."

"ಹೆದರಿಕೆಗೆ ಬಂದಿದ್ದು ಅದು."

"ಎಲ್ಲಿಂದಾದ್ರೂ ಬರಲಿ. ಮಲ್ಕೋ."

ಮಲಗಿದಳು. ಬಸ್ಸು ಕುಲುಕಿದಾಗಲೆಲ್ಲ ಅವಳ ಬಲಗೈ ಕಿಟಕಿಯ ಕಂಬಿಗೆ ತಾಗುತ್ತಿತ್ತು. ತೆಗೆದು ನನ್ನ ತೊಡೆ ಮೇಲೆ ಇಟ್ಟುಕೊಂಡೆ. ಸೆರಗಿನ ತುದಿ ಇನ್ನೂ ಒದ್ದೆ ಇತ್ತು, ಅದನ್ನ ಅವಳ ಕೈಗೆ ತಾಗದ ಹಾಗೆ ಆ ಕಡೆ ಸರಿಸಿದೆ.