ದುಮಿಂಗನ ಪಥ್ಯ

ಹೆರಿಗೆ ಆಸ್ಪತ್ರೆಯ ನರ್ಸ್ ವಿನಿಫ್ರೆಡ್ ಬಾಯಿಯವರ ಮುಂದೆ ಬಸುರಿಯರು ನಾಲಗೆ ತೋರಿಸಬಹುದಿತ್ತು, ಕ್ಯಾಲ್ಸಿಯಂ ಮಾತ್ರೆ ನುಂಗಬಹುದಿತ್ತು. ಮಾತನಾಡುವ ಕೆಲಸವನ್ನು ಅವರು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. "ಸೊಪ್ಪು, ಬೇಳೆ, ಮೀನು, ಹಾಲು ಎಲ್ಲ ಹದವಾಗಿ ಬೇಕು. ಬರೀ ಗಂಜಿ ಕುಡಿದ್ರೆ ಮಗುವಿನ ಎಲುಬು ಎಲ್ಲಿಂದ ಬರ್ತದೆ?" ಪಕ್ಕದ ಮನೆಯ ವಾರಿಜಾಕ್ಷಿ, ಬಂದರಿನ ಮೀನು ವ್ಯಾಪಾರಿಯ ಹೆಂಡತಿ, ಪ್ರತಿ ಬಸುರಿನಲ್ಲೂ ಈ ಪಾಠ ಕೇಳಿ ಕೇಳಿ ಕಿವಿ ತೂತು ಬಿದ್ದವಳು.

ಆದರೆ ದೀಪದ ಬುಡದಲ್ಲಿ ಕತ್ತಲೆ. ಮದುವೆಯಾಗದ, ಒಂಟಿ ಮನೆಯ ಬಾಯಿ ಡ್ಯೂಟಿ ಮುಗಿಸಿ ಬಲ್ಮಠದ ಏರು ಹತ್ತಿ ಬರುವಷ್ಟರಲ್ಲಿ ಸುಸ್ತು. ಒಬ್ಬಳಿಗಾಗಿ ಯಾರು ಒಲೆ ಉರಿಸುತ್ತಾರೆ? ಬೇಕರಿಯ ಪಾವನ್ನು ಚಾಯಕ್ಕೆ ಅದ್ದಿ ತಿಂದರೆ ಊಟವಾಯಿತು. ಬೆಳಿಗ್ಗೆಯೂ ಅದೇ.

ಆ ಪಾವಿಗೆ ಒಬ್ಬ ಪಾಲುದಾರನಿದ್ದ. ಹೆಂಡತಿಯ ಹೆರಿಗೆ ಸುಸೂತ್ರವಾದ ಖುಷಿಗೆ ಲಾರಿ ಡ್ರೈವರ್ ಮೊಯ್ದೀನಬ್ಬ ಘಟ್ಟದ ಮೇಲಿಂದ ತಂದುಕೊಟ್ಟ ಅಂಗೈಯಗಲದ ಕಾಡಾಮೆ. ಭಾನುವಾರ ಬಂದದ್ದರಿಂದ ಬಾಯಿ ಅದಕ್ಕೆ ಪೋರ್ಚುಗೀಸರ ಭಾನುವಾರದ ಹೆಸರನ್ನೇ ಹಿಡಿದು ದುಮಿಂಗ ಎಂದು ಹೆಸರಿಟ್ಟರು. ಚರ್ಚಿನ ಪೂಜೆಗೆ ಹೋಗುವುದೊಂದು ಬಿಟ್ಟರೆ ದುಮಿಂಗ ಆ ಮನೆಯ ಪೂರ್ಣ ಸದಸ್ಯ. ಮೇಜಿನ ಕೆಳಗೆ ಬಾಯಿಯ ಪಾದದ ಬಳಿ ಅವನ ಜಾಗ. ಚಾಯದಲ್ಲಿ ನೆನೆದ ಪಾವಿನ ತುಂಡು ಅವನ ಊಟ. ತಾನು ತಿನ್ನುವುದನ್ನೇ ಕೊಡುವುದು ಪ್ರೀತಿಯೆಂದು ಬಾಯಿ ತಿಳಿದಿದ್ದರು.

ಒಂದು ವರ್ಷ ಮಳೆಗಾಲ ಕಳೆಯುವಾಗ ದುಮಿಂಗ ನಡೆಯುವುದನ್ನೇ ನಿಲ್ಲಿಸಿದ. ಬೆನ್ನು ಒರೆಸುವಾಗ ಚಿಪ್ಪು ಅರೆ ಒಣಗಿದ ಹಪ್ಪಳದಂತೆ ಬಾಯಿಯ ಹೆಬ್ಬೆರಳ ಕೆಳಗೆ ತಗ್ಗಿತು. ಅವರು ತಕ್ಷಣ ಚೀಲದಲ್ಲಿ ಅವನನ್ನು ಹಾಕಿಕೊಂಡು ದನದ ಡಾಕ್ಟರಲ್ಲಿಗೆ ಓಡಿದರು.

"ಹಾಲು ಕೊಡುವ ಪ್ರಾಣಿಯ ಮದ್ದು ನನಗೆ ಗೊತ್ತುಂಟು ಬಾಯಿ," ಎಂದರು ಡಾಕ್ಟರು, ಆಮೆಯನ್ನು ತಿರುಗಿಸಿ ನೋಡುತ್ತ. "ಇದಕ್ಕೆ ತಿನ್ಲಿಕ್ಕೆ ಎಂತ ಕೊಡ್ತೀರಿ?"

"ಪಾವ್. ಚಾಯಕ್ಕೆ ಅದ್ದಿ."

"ಮನೆ ಹೊತ್ತುಕೊಂಡು ತಿರುಗುವವನಿಗೆ ಸುಣ್ಣ ಬೇಡ್ವಾ? ಸೊಪ್ಪು ಹಾಕಿ, ಬಿಸಿಲಿಗೆ ಬಿಡಿ. ಕ್ಯಾಲ್ಸಿಯಂ ಮಾತ್ರೆ ಪುಡಿ ಮಾಡಿ ಚಿಟಿಕೆಯಷ್ಟು ಉದುರಿಸಿ. ಹೀಗೇ ಬಿಟ್ರೆ ಇದು ಉಳಿಯೂದಿಲ್ಲ."

ಭೂಮಿ ಬಾಯ್ತೆರೆದು ತನ್ನನ್ನು ನುಂಗಬಾರದೇ ಎಂದು ವಿನಿಫ್ರೆಡ್ ಬಾಯಿಗೆ ಎನಿಸಿತು. ಊರಿಗೆಲ್ಲ ಹಂಚಿದ ಬುದ್ಧಿ ಮನೆಯ ಹೊಸ್ತಿಲು ದಾಟಿರಲಿಲ್ಲ.

ಸಂಜೆ ಹರಿವೆ ಸೊಪ್ಪು, ದಾಸವಾಳದ ಎಲೆ, ಮೇಲೆ ಬಿಳಿ ಪುಡಿ ಎಲ್ಲ ದುಮಿಂಗನ ಮುಂದೆ ಬಂತು. ಅವನು ತಲೆ ಒಳಗೆಳೆದುಕೊಂಡ. ಗದರಿಸಿದರೂ ಇಲ್ಲ, ಮುದ್ದಿಸಿದರೂ ಇಲ್ಲ. ಬಾಯಿ ಸೋತು ಚಾಯ ಮಾಡಿಕೊಂಡು ಕೂತರೋ ಇಲ್ಲವೋ, ದುಮಿಂಗ ಮೈ ಎಳೆದುಕೊಂಡು ಮೇಜಿನಡಿಗೆ ಬಂದು, ಕತ್ತು ಚಾಚಿ ಅವರ ತುತ್ತಿನ ಪಾಲಿಗೆ ಕಾದ.

ಮರುದಿನ ಆ ಮನೆಗೆ ಪಾವ್ ಬರಲಿಲ್ಲ. ಬಾಯಿ ಒಲೆ ಹಚ್ಚಿ ಅನ್ನ, ತೊವ್ವೆ, ಹರಿವೆ ಪಲ್ಯ ಮಾಡಿದರು. ತಾವು ಒಂದು ತುತ್ತು ತಿಂದು, ಬಟ್ಟಲಿನ ಅಂಚಿನಿಂದ ಒಂದು ಹಸಿ ಎಲೆ ಕೆಳಗೆ ಬಿಟ್ಟರು. ದುಮಿಂಗ ಮೂಸಿದ, ಯೋಚಿಸಿದ, ಕಚ್ಚಿದ. ಇನ್ನೊಂದು ತುತ್ತು, ಇನ್ನೊಂದು ಎಲೆ.

ಕಿಟಕಿಯಲ್ಲಿ ಇಣುಕಿದ ವಾರಿಜಾಕ್ಷಿಗೆ ನಗು ತಡೆಯಲಿಲ್ಲ. "ಎಂತ ಬಾಯಿ, ಆಮೆಗೆ ಜ್ವರ ಬಂದ್ರೆ ನಿಮಗೆ ಪಥ್ಯವಾ?"

"ನಗು ಮಾರಾಯ್ತಿ, ನಗು. ನಿನ್ನ ಹಿತ್ತಲಲ್ಲಿ ನುಗ್ಗೆಸೊಪ್ಪು ಉಂಟಲ್ಲಾ, ಸ್ವಲ್ಪ ಕೊಡು."

ವಾರಿಜಾಕ್ಷಿ ಕೊಟ್ಟಳು, ಜೊತೆಗೆ "ಹದವಾಗಿ ತಿನ್ನಿ ಆಯ್ತಾ, ಎಲುಬು ಎಲ್ಲಿಂದ ಬರ್ತದೆ?" ಎಂದು ಬಡ್ಡಿ ಸಮೇತ ಪಾಠವನ್ನೂ ಕೊಟ್ಟಳು. ಬಾಯಿ ತೆಪ್ಪಗೆ ಕೇಳಿಸಿಕೊಂಡರು. ದುಮಿಂಗ ಉಳಿದರೆ ಸಾಕು, ಊರೆಲ್ಲ ನಗಲಿ ಎನ್ನುವಲ್ಲಿಗೆ ಅವರು ಬಂದು ಮುಟ್ಟಿದ್ದರು.

ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಅವನನ್ನು ಬಿಟ್ಟು, ಹೆದರುತ್ತಲೇ ಚಿಪ್ಪು ಒತ್ತಿ ನೋಡುವುದು ಅಭ್ಯಾಸವಾಯಿತು. ಕ್ರಿಸ್ಮಸ್ ಹತ್ತಿರ ಬಂದಾಗ ಒಂದು ದಿನ ಹೆಬ್ಬೆರಳು ತಗ್ಗಲಿಲ್ಲ. ಬಾಯಿ ಇನ್ನೊಮ್ಮೆ ಒತ್ತಿದರು. ಗಟ್ಟಿ! ಅಂಗಳದಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ದುಮಿಂಗ ಅದನ್ನು ಗಮನಿಸದೆ ವಾರಿಜಾಕ್ಷಿಯ ಹರಿವೆ ಪಾತಿಯ ಕಡೆಗೆ ಹೊರಟಿದ್ದ.

ಆ ದಿನ ಆಸ್ಪತ್ರೆಗೆ ಉಳ್ಳಾಲದ ಬೀಫಾತಿಮ್ಮ ಬಂದಿದ್ದಳು. ಚೊಚ್ಚಲ ಬಸುರಿ, ಮುಖ ಬಿಳಿಚಿತ್ತು.

"ಮಾತ್ರೆ ತಿಂದ್ಯಾ?"

"ಕೋಳಿಗೆ ಹಾಕಿದೆ ಬಾಯಿ," ಅವಳು ತಲೆ ತಗ್ಗಿಸಿದಳು. "ಈಗ ಮೊಟ್ಟೆ ಒಡೀಲಿಕ್ಕೆ ಕಷ್ಟ ಆಗ್ತದೆ."

ಅಕ್ಕಪಕ್ಕದ ಹೆಂಗಸರು ಉಸಿರು ಬಿಗಿಹಿಡಿದರು. ಈಗ ಸಿಡಿಲು ಬೀಳಬೇಕು. ಬೀಳಲಿಲ್ಲ.

"ಮಧ್ಯಾಹ್ನ ನಿನ್ನ ಒಟ್ಟಿಗೆ ಊಟಕ್ಕೆ ಯಾರುಂಟು?" ಎಂದು ಬಾಯಿ ಕೇಳಿದರು.

"ಯಾರೂ ಇಲ್ಲ. ಅವರು ಬೊಂಬಾಯಿಯಲ್ಲಿ. ಒಬ್ಬಳಿಗೆ ಎಂತ ಅಡಿಗೆ ಅಂತ ಚಾಯ ಕುಡಿದು ಮಲಗ್ತೇನೆ."

ವಿನಿಫ್ರೆಡ್ ಬಾಯಿ ತಮ್ಮ ಬುತ್ತಿಯ ಡಬ್ಬಿ ತಂದು, ಮುಚ್ಚಳಕ್ಕೆ ಅರ್ಧ ಅನ್ನ ಸುರಿದು, ಪಕ್ಕಕ್ಕೆ ಇನ್ನೊಂದು ಸ್ಟೂಲ್ ಎಳೆದರು.

"ಬರೀ ಸೊಪ್ಪು, ಬೇಳೆ. ಮಾಂಸ ಎಂತದೂ ಇಲ್ಲ, ಹೆದರ್ಬೇಡ, ಕೂತುಕೋ. ನನಗೂ ಹಸಿವಾಗ್ತಾ ಉಂಟು."